ಆರನೇ ವರ್ಷದ ಸಾಲು

ನಮಸ್ಕಾರ. ಇವತ್ತು ರಸ್ತೆ ವಿಚಾರ ಮಾತಾಡೋಣ ಅಂತ ಬಂದಿದ್ದೇನೆ. ಹೆದ್ದಾರಿ, ಎಕ್ಸ್‌ಪ್ರೆಸ್‌ವೇ ಅಲ್ಲ, ಅವಕ್ಕೆ ಮಾತಾಡುವವರು ಬೇಕಾದಷ್ಟು ಜನ ಇದ್ದಾರೆ. ನಾನು ಹೇಳುವುದು ಬಸ್ಸಿಂದ ಇಳಿದ ಮೇಲೆ ಶುರುವಾಗುತ್ತಲ್ಲ, ಆ ರಸ್ತೆ.

ನಿಮ್ಮೂರಿನ ಕ್ರಾಸಿನಲ್ಲಿ ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆಯ ಬೋರ್ಡು ಇದ್ದರೂ ಇರಬಹುದು. ಯಾವತ್ತಾದರೂ ನಿಂತು ಪೂರ್ತಿ ಓದಿದ್ದೀರಾ? ನಾನೂ ಓದಿರಲಿಲ್ಲ. ಹೋದ ಮಳೆಗಾಲ ಸ್ಕೂಟರು ಹೊಂಡಕ್ಕೆ ಇಳಿದು ಪಂಚರ್ ಆಯಿತು, ಕೊಡೆ ಹಿಡಿದುಕೊಂಡು ಮುಕ್ಕಾಲು ಗಂಟೆ ಅಲ್ಲೇ ನಿಲ್ಲಬೇಕಾಯಿತು, ಮಾಡೋಕೆ ಬೇರೆ ಕೆಲಸ ಇರಲಿಲ್ಲ, ಹಾಗಾಗಿ ಓದಿದೆ. ರಸ್ತೆ ಎಷ್ಟು ಉದ್ದ, ಎಷ್ಟು ಖರ್ಚು, ಯಾವತ್ತು ಮುಗಿಯಿತು, ಎಲ್ಲಾ ಬರೆದಿತ್ತು. ಅದರ ಕೆಳಗೆ ನಿರ್ವಹಣೆ ಲೆಕ್ಕ. ಮೊದಲನೇ ವರ್ಷಕ್ಕೆ ಇಷ್ಟು, ಎರಡನೇ ವರ್ಷಕ್ಕೆ ಇಷ್ಟು, ಹೀಗೆ ಐದರ ತನಕ. ಐದಾದ ಮೇಲೆ ಬರೀ ಬಣ್ಣ. ಆರನೇ ವರ್ಷದ ಸಾಲೇ ಇಲ್ಲ.

ನಮ್ಮ ರಸ್ತೆಗೆ ಆರು ಯಾವತ್ತೋ ದಾಟಿತ್ತು.

ವಿಷಯ ಇಷ್ಟೇ. ಈ ಯೋಜನೆ 2000ದ ಡಿಸೆಂಬರ್ 25ರಂದು ಶುರುವಾಯಿತು. ಬಯಲುಸೀಮೆಯಲ್ಲಿ 500 ಜನ ಇರುವ ಊರಿಗೆ, ಗುಡ್ಡಗಾಡಿನಲ್ಲಿ 250 ಜನ ಇರುವ ಊರಿಗೂ ಸರ್ವಋತು ರಸ್ತೆ ಆಗಬೇಕು ಅನ್ನುವುದು ಉದ್ದೇಶ. ಒಳ್ಳೆಯ ಯೋಜನೆ, ಅದರಲ್ಲಿ ಎರಡು ಮಾತಿಲ್ಲ. ರಸ್ತೆ ಮಾಡಿದ ಗುತ್ತಿಗೆದಾರನೇ ಐದು ವರ್ಷ ಅದನ್ನು ನೋಡಿಕೊಳ್ಳಬೇಕು. ಆಮೇಲೆ ಅದು ರಾಜ್ಯದ ಜವಾಬ್ದಾರಿ. ಅಂದರೆ ಆರನೇ ವರ್ಷದ ದುಡ್ಡು ರಾಜ್ಯದ ಬಜೆಟ್ಟಿನಿಂದ ಬರಬೇಕು.

ಬಜೆಟ್ಟಿನಲ್ಲಿ ರಸ್ತೆಗೆ ಎರಡು ಮುಖ್ಯ ಲೆಕ್ಕಶೀರ್ಷಿಕೆ ಇವೆ, 5054 ಮತ್ತು 3054. ಹೊಸ ರಸ್ತೆ, ಹೊಸ ಸೇತುವೆ ಅಂದರೆ 5054. ಇರುವ ರಸ್ತೆಯ ರಿಪೇರಿ ಅಂದರೆ ಸಾಮಾನ್ಯವಾಗಿ 3054. ಮೊದಲನೆಯದು ಬಂಡವಾಳ ವೆಚ್ಚ, ಎರಡನೆಯದು ರಾಜಸ್ವ ವೆಚ್ಚ, ಅಂದರೆ ಸಂಬಳ, ಪಿಂಚಣಿ, ಬಡ್ಡಿ ಕೂತಿರುವ ಪಂಕ್ತಿಯಲ್ಲೇ ಇದಕ್ಕೂ ಎಲೆ. ರಾಜಸ್ವ ಲೆಕ್ಕದಲ್ಲಿ ಕೊರತೆ ಇರಬಾರದು ಅಂತ ನಮ್ಮ ರಾಜ್ಯ 2002ರಲ್ಲೇ ಕಾನೂನು ಮಾಡಿಕೊಂಡಿದೆ. ಸಂಬಳ ನಿಲ್ಲಿಸೋಕೆ ಆಗಲ್ಲ, ಬಡ್ಡಿ ಕಟ್ಟದೆ ಇರೋಕೆ ಆಗಲ್ಲ. ಇನ್ನು ಯಾರ ಎಲೆಗೆ ಕಡಿಮೆ ಬಡಿಸುತ್ತಾರೆ, ನೀವೇ ಹೇಳಿ. ಚರಂಡಿ ಹೂಳು ತೆಗೆಯುವ ಕೆಲಸಕ್ಕೆ ಯಾರೂ ಗುದ್ದಲಿ ಪೂಜೆ ಮಾಡಲ್ಲ. ನಿಜ ಹೇಳಬೇಕೆಂದರೆ ಗುದ್ದಲಿ ಬೇಕಾಗಿರುವುದು ಅಲ್ಲೇ!

ಡಾಂಬರು ಗಾಡಿಗೆ ಅಷ್ಟು ಹೆದರಲ್ಲ, ನೀರಿಗೆ ಹೆದರುತ್ತದೆ. ಬೇಸಿಗೆಯಲ್ಲಿ ಚರಂಡಿಗೆ ದರಗು, ಅಂದರೆ ಒಣಗಿದ ಎಲೆ ಬೀಳುತ್ತದೆ, ಧರೆಯ ಮಣ್ಣು ಜಾರುತ್ತದೆ, ಮೋರಿಯ ಬಾಯಿಗೆ ಒಂದು ಕೊಂಬೆ ಸಿಕ್ಕಿಕೊಳ್ಳುತ್ತದೆ. ಆರಿದ್ರಾ ಮಳೆ ಹಿಡಿಯಿತು ಅಂದರೆ ನೀರಿಗೆ ದಾರಿ ಬೇಕು, ಅದು ರಸ್ತೆ ಮೇಲೇ ಹರಿಯುತ್ತದೆ. ಮೊದಲು ಅಂಚು ಕೊರೆಯುತ್ತದೆ. ಆಮೇಲೆ ಡಾಂಬರಿನ ಅಡಿಗೆ ನುಗ್ಗಿ ಜಲ್ಲಿಯನ್ನು ಸಡಿಲ ಮಾಡುತ್ತದೆ. ಮೇಲಿಂದ ನೋಡಿದರೆ ಏನೂ ಗೊತ್ತಾಗಲ್ಲ. ಒಂದು ದಿನ ಅಡಿಕೆ ಹೇರಿದ ಪಿಕಪ್ ಹೋಗುತ್ತದೆ, ಚಕ್ಕೆ ಎದ್ದಂತೆ ಏಳುತ್ತದೆ. ಮಾರನೇ ದಿನ ಹೊಂಡ, ವಾರ ಕಳೆದರೆ ಅದು ಕೆರೆ.

ನಾನು ಸಣ್ಣವನಿದ್ದಾಗ ನಮ್ಮ ಮುಖ್ಯ ರಸ್ತೆಗೆ ಗ್ಯಾಂಗಿನವರು ಅಂತ ಇದ್ದರು. ತಲೆಗೆ ಗೊರಬು, ಕೈಯಲ್ಲಿ ಹಾರೆ, ಇನ್ನೊಂದು ಬುಟ್ಟಿ, ಅಷ್ಟೇ. ಮೇ ತಿಂಗಳಲ್ಲಿ ಚರಂಡಿ ಬಿಡಿಸುತ್ತಿದ್ದರು, ಮಳೆ ಜೋರಾದಾಗ ಎಲ್ಲಿ ಕಟ್ಟಿತು ಅಂತ ನೋಡಿಕೊಂಡು ಓಡಾಡುತ್ತಿದ್ದರು. ಅವರು ಒಬ್ಬೊಬ್ಬರಾಗಿ ರಿಟೈರ್ ಆದರು. ಆ ಜಾಗಕ್ಕೆ ಯಾರೂ ಬರಲಿಲ್ಲ. ಈಗ ದೀಪಾವಳಿ ಕಳೆದ ಮೇಲೆ ಒಂದು ಟಿಪ್ಪರ್ ಬಂದು ಹೊಂಡಕ್ಕೆ ತೇಪೆ ಹಚ್ಚಿ ಹೋಗುತ್ತದೆ, ಚರಂಡಿ ಹಾಗೇ ಇರುತ್ತದೆ, ಮುಂದಿನ ಆರಿದ್ರಾಕ್ಕೆ ತೇಪೆ ತೊಳೆದು ಹೋಗುತ್ತದೆ.

ಇಲ್ಲಿ ಉಳಿಸಿದ ದುಡ್ಡು ಎಲ್ಲೂ ಉಳಿಯಲ್ಲ, ನಮ್ಮ ಜೇಬಿಂದ ಹೋಗುತ್ತದೆ. ಅಡಿಕೆಗೆ ಕೊಳೆರೋಗ ಬಾರದ ಹಾಗೆ ಮಳೆಗಾಲದ ಮೊದಲು ಒಂದು ಸಲ ಬೋರ್ಡೋ, ಅಂದರೆ ಮೈಲುತುತ್ತು-ಸುಣ್ಣದ ಔಷಧಿ ಹೊಡೆಸುತ್ತೇವೆ. ಎರಡನೇ ಸಲ ಅಂದರೆ 40-45 ದಿನ ಬಿಟ್ಟು, ಅಂದರೆ ಜುಲೈ ಕೊನೆ, ರಸ್ತೆ ಅತ್ಯಂತ ಹಾಳಾಗಿರುವ ಹೊತ್ತು. ಮಳೆ ಎರಡು ದಿನ ಹೊಳವಾದರೆ ಅಷ್ಟರಲ್ಲೇ ಕೆಲಸ ಮುಗಿಯಬೇಕು. ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡರನ್ನು ಕರೆತರುವ ಜೀಪಿನವನು ಫೋನಿನಲ್ಲೇ ಕೇಳುತ್ತಾನೆ, "ಭಟ್ರೇ, ನಿಮ್ಮ ತಿರುವು ಹೆಂಗಿದೆ?" ಸುಳ್ಳು ಹೇಳೋಕೆ ಆಗಲ್ಲ. "ಹಾಗಾದ್ರೆ ಮುನ್ನೂರು ಜಾಸ್ತಿ ಆಗ್ತದೆ" ಅನ್ನುತ್ತಾನೆ, ಇಲ್ಲವೇ ಬರೋದೇ ಇಲ್ಲ. ಒಂದು ಔಷಧಿ ತಪ್ಪಿತು ಅಂದರೆ ತೋಟದ ಬುಡದಲ್ಲಿ ಕೊಳೆತ ಕಾಯಿ ಹೆಕ್ಕುತ್ತಾ ಕೂರಬೇಕು. ಆ ನಷ್ಟ ಯಾವ ಲೆಕ್ಕಶೀರ್ಷಿಕೆಯಲ್ಲೂ ಬರಲ್ಲ.

ಬಸ್ಸು ಕೊನೆಯ ಮೂರು ಕಿಲೋಮೀಟರ್ ಬರುವುದನ್ನು ಬಿಟ್ಟು ಎರಡು ಮಳೆಗಾಲ ಆಯಿತು. ಶಾಲೆ ಮಕ್ಕಳು ನಡೆಯುತ್ತಾರೆ. 108ಕ್ಕೆ ಫೋನ್ ಮಾಡಿದರೆ "ಕ್ರಾಸ್ ತನಕ ಬರ್ತೀವಿ, ಅಲ್ಲಿಗೆ ಕರೆತನ್ನಿ" ಅನ್ನುತ್ತಾರೆ. ಅವರದೂ ತಪ್ಪಿಲ್ಲ, ಗಾಡಿ ಹೂತರೆ ಮುಂದಿನ ಕರೆಗೆ ಹೋಗುವವರು ಯಾರು? ಆದರೆ ಹೊಟ್ಟೆನೋವು ಹಿಡಿದ ಬಸುರಿಯನ್ನು ಜೀಪಿನ ಹಿಂದಿನ ಸೀಟಿನಲ್ಲಿ ಕೂರಿಸಿ ಆ ಹೊಂಡಗಳ ಮೇಲೆ ಒಯ್ಯುವುದಿದೆಯಲ್ಲ, ಅದನ್ನು ಒಂದು ಸಲ ನೋಡಿದವರು ಮರೆಯಲ್ಲ.

ಇದು ನಮ್ಮ ಊರಿನ ಗೋಳು ಮಾತ್ರ ಅಂದುಕೊಳ್ಳಬೇಡಿ. ಆಫ್ರಿಕಾದ ರಸ್ತೆಗಳ ಬಗ್ಗೆ ವಿಶ್ವ ಬ್ಯಾಂಕು 1994ರ ವರದಿಯಲ್ಲಿ ಒಂದು ಲೆಕ್ಕ ಕೊಟ್ಟಿತ್ತು. ಹತ್ತು ವರ್ಷದಲ್ಲಿ ಸರಿಯಾದ ಸಮಯಕ್ಕೆ 1200 ಕೋಟಿ ಡಾಲರ್ ನಿರ್ವಹಣೆಗೆ ಹಾಕಿದ್ದರೆ, ರಸ್ತೆಗಳನ್ನು ಮತ್ತೆ ಕಟ್ಟುವ 4500 ಕೋಟಿ ಡಾಲರ್ ಉಳಿಯುತ್ತಿತ್ತಂತೆ. ನಮ್ಮಜ್ಜಿ ಯಾವ ವರದಿಯನ್ನೂ ಓದದೆ, ಹಂಚು ಒಡೆದ ದಿನವೇ ಬದಲಾಯಿಸಿ, ಇಲ್ಲದಿದ್ದರೆ ಪಕಾಸು ಕೊಳೆಯುತ್ತೆ ಅಂತ ಬೈಯುತ್ತಿದ್ದರು.

ಈ ವರ್ಷ ಮೇ ಕೊನೆಗೆ ನಾವೇ ಇಳಿದೆವು. ಮನೆಗೊಬ್ಬರ ಹಾಗೆ ಹಾರೆ, ಗುದ್ದಲಿ, ಕತ್ತಿ ಹಿಡಿದು ಎರಡು ಭಾನುವಾರ ಚರಂಡಿ ಬಿಡಿಸಿದೆವು. ಮಧ್ಯೆ ಅವಲಕ್ಕಿ, ಚಹ, ಒಂದಿಷ್ಟು ಜಗಳ. ಸರ್ಕಾರ ಮಾಡಬೇಕಾದ ಕೆಲಸ ನಾವ್ಯಾಕೆ ಮಾಡಬೇಕು ಅಂತ ಒಬ್ಬ ಹುಡುಗ ಕೇಳಿದ. ಅವನು ಕೇಳಿದ್ದು ಸರಿಯೇ. ಆದರೂ ಮೊದಲ ಮಳೆಗೆ ನೀರು ಚರಂಡಿಯಲ್ಲೇ ಹೋಯಿತು, ಒಂದು ತಿರುವು ಬಿಟ್ಟು. ಅಲ್ಲಿ ಮೋರಿಯ ಪೈಪೇ ಒಡೆದಿದೆ, ಹಾರೆಯಲ್ಲಿ ಆಗುವ ಕೆಲಸ ಅಲ್ಲ. ಅರ್ಜಿ ಕೊಟ್ಟಿದ್ದೇವೆ, ಅನುದಾನ ಬಂದಾಗ ನೋಡೋಣ ಅಂದಿದ್ದಾರೆ. ಸದ್ಯಕ್ಕೆ ಅಲ್ಲಿ ಒಂದು ಗಳ ನೆಟ್ಟು ತುದಿಗೆ ಕೆಂಪು ಬಟ್ಟೆ ಕಟ್ಟಿದ್ದೇವೆ. ರಾತ್ರಿ ಹೊತ್ತು ನಮ್ಮ ಕಡೆ ಬರುವವರಿದ್ದರೆ ಬಲಗಡೆ ಹಿಡಿದು ನಿಧಾನ ಬನ್ನಿ. ನಮಸ್ಕಾರ.