ಆಲ್-ಸ್ಟಾರ್ ಗೇಮಲ್ಲಿ ಯಾರೂ ಡಿಫೆನ್ಸ್ ಮಾಡಲ್ಲ ಅಂತ ಬೈಯೋರಿಗೆ
(ಸಮ್ಮರ್ ಕ್ಯಾಂಪ್ ಸಮಾರೋಪದಲ್ಲಿ ಮಾತಾಡಿದ್ದು)

ಎಲ್ಲರಿಗೂ ನಮಸ್ಕಾರ. ಹಿಂದಿನ ಸಾಲಿಗೆ ಕೇಳಿಸ್ತಿದೆಯಾ? ಸರಿ. ಕ್ಯಾಂಪ್ ಮುಗಿಯೋ ದಿನ, ಮಕ್ಕಳಿಗೆ ನಾಲ್ಕು ಒಳ್ಳೆ ಮಾತು ಹೇಳಿ ಅಂತ ಕರೆದಿದಾರೆ. ಶಿಸ್ತು, ಪರಿಶ್ರಮ ಅಂತೆಲ್ಲಾ ನಿಮ್ಮ ಕೋಚ್‌ಗಳು ದಿನಾ ಬೆಳಿಗ್ಗೆ ಗಂಟಲು ಹರ್ಕೊಂಡು ಹೇಳಿದಾರೆ, ನಾನು ಮತ್ತೆ ಹೇಳಲ್ಲ. ನಂಗೆ ಫೆಬ್ರವರಿಯಿಂದ ಬೇರೆ ಒಂದು ವಿಷಯ ತಲೇಲಿ ಕೊರೀತಾ ಇದೆ, ಅದನ್ನ ಇವತ್ತು ಇಲ್ಲಿ ಹೇಳಿ ಮುಗಿಸ್ತೀನಿ. ಮನೇಲಿ ಶುರು ಮಾಡಿದ್ರೆ ಎದ್ದು ಹೋಗ್ತಾರೆ, ಇಲ್ಲಿ ನೀವು ಎದ್ದು ಹೋಗೋ ಹಾಗಿಲ್ಲ, ಸರ್ಟಿಫಿಕೇಟ್ ಇನ್ನೂ ಕೊಟ್ಟಿಲ್ಲ.

ವಿಷಯ ಎನ್‌ಬಿಎ ಆಲ್-ಸ್ಟಾರ್ ಗೇಮ್. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಇದೆಯಲ್ಲ, ಅದರ ಬೇರೆ ಬೇರೆ ಟೀಮಿನ ಸ್ಟಾರ್‌ಗಳನ್ನೆಲ್ಲಾ ಸೇರಿಸಿ ವರ್ಷಕ್ಕೊಂದ್ಸಲ ಆಡಿಸೋ ಮ್ಯಾಚ್, ಲೀಗಿನ ಲೆಕ್ಕಕ್ಕೆ ಬರಲ್ಲ. ಪ್ರತೀ ವರ್ಷ ಅದು ಮುಗಿದ ತಕ್ಷಣ ನಮ್ಮ ಕ್ಲಬ್ಬಿನ ವಾಟ್ಸಾಪ್ ಗ್ರೂಪಲ್ಲಿ ಒಂದೇ ರಾಗ. ಈಗಿನವರಿಗೆ ದುಡ್ಡು ಜಾಸ್ತಿ ಆಯ್ತು, ಸೊಕ್ಕು ಬಂತು, ಯಾರೂ ಕೈ ಎತ್ತಲ್ಲ, ಅದೂ ಒಂದು ಮ್ಯಾಚಾ? ಸಿಟ್ಟಿಗೆ ಕಾರಣ ಇಲ್ಲ ಅಂತ ನಾನು ಹೇಳಲ್ಲ. 2024ರಲ್ಲಿ ಇಂಡಿಯಾನಾಪೊಲಿಸಲ್ಲಿ ಸ್ಕೋರ್ 211–186. ಬ್ಯಾಸ್ಕೆಟ್‌ಬಾಲ್ ಸ್ಕೋರಾ ಇದು, ರಣಜಿ ಟ್ರೋಫೀದಾ? ಲೀಗ್ ಕಮಿಷನರ್ ಆಡಮ್ ಸಿಲ್ವರ್ ಟ್ರೋಫಿ ಕೊಡುವಾಗ, ನೀವು ಹೆಚ್ಚು ಪಾಯಿಂಟ್ ಮಾಡಿದೀರಿ, ಸರಿ, ಅಭಿನಂದನೆ, ಅಂದ್ರಲ್ಲ, ಆ ಮುಖ ನೋಡ್ಬೇಕಿತ್ತು ನೀವು. ಅದರ ಹಿಂದಿನ ವರ್ಷ ಸಾಲ್ಟ್ ಲೇಕ್ ಸಿಟೀಲಿ ಜೇಸನ್ ಟೇಟಮ್ ಒಬ್ಬನೇ 55 ಪಾಯಿಂಟ್ ಹೊಡೆದು ರೆಕಾರ್ಡ್ ಮಾಡ್ದ. ಎದುರು ಟೀಮಿಗೆ ಕೋಚ್ ಆಗಿದ್ದ ಮೈಕ್ ಮಲೋನ್, ಇಷ್ಟು ಕೆಟ್ಟ ಮ್ಯಾಚ್ ಯಾರೂ ಆಡಿಲ್ಲ ಅನ್ನೋ ಅರ್ಥದ ಮಾತು ಬಹಿರಂಗವಾಗೇ ಹೇಳಿದ್ರು. ಇಷ್ಟೆಲ್ಲಾ ಒಪ್ತೀನಿ. ಆದ್ರೆ ದುಡ್ಡು ಅಂತೀರಲ್ಲ, ಅದನ್ನ ನಾನು ಒಪ್ಪಲ್ಲ.

ಮೊದಲು ಡಿಫೆನ್ಸ್ ವಿಷಯ. ಇಲ್ಲಿರೋ ಅಂಡರ್-16 ಹುಡುಗ್ರು ಹೇಳಿ. ಎದುರಿನವನು ಬಂದು ಸ್ಕ್ರೀನ್ ಹಾಕ್ದ, ಅಂದ್ರೆ ದಾರಿಗೆ ಅಡ್ಡ ನಿಂತ, ನಿಮ್ಮ ಗಾರ್ಡ್ ಸಿಕ್ಕಿಹಾಕ್ಕೊಂಡ, ಬಾಲ್ ಇರೋನು ಒಳಗೆ ನುಗ್ಗಿದ. ದೊಡ್ಡವನು ಮುಂದಕ್ಕೆ ಬರ್ಬೇಕಾ, ಹಿಂದೆ ನಿಲ್ಬೇಕಾ? ಅವನು ಬಂದ್ರೆ ಅವನ ಮ್ಯಾನ್, ಅಂದ್ರೆ ಅವನು ಕಾಯ್ತಿದ್ದ ಎದುರಾಳಿ, ಯಾರಿಗೆ? ಕಾರ್ನರಲ್ಲಿ ಇರೋನು ಒಳಗೆ ಬಂದು ಮುಚ್ಚಿದ್ರೆ ಕಾರ್ನರ್‌ಗೆ ಯಾರು ಓಡ್ತಾರೆ? ಇದು ಒಂದೂವರೆ ಸೆಕೆಂಡಿನ ವ್ಯವಹಾರ, ಬಾಯಲ್ಲಿ ಕೂಗಿ ಕೂಗಿ ಮಾಡೋದು, ಇದನ್ನ ಕಲಿಸೋಕೆ ನಿಮ್ಮ ಕೋಚ್‌ಗೆ ಇಡೀ ಕ್ಯಾಂಪ್ ಹಿಡೀತು, ಇನ್ನೂ ಬಂದಿಲ್ಲ, ನಿನ್ನೆ ಮ್ಯಾಚ್ ನಾನು ನೋಡ್ದೆ. ಶೂಟಿಂಗ್ ಒಬ್ಬನೇ ಮಾಡ್ಬಹುದು, ಡಿಫೆನ್ಸ್ ಒಬ್ಬನೇ ಮಾಡೋಕಾಗಲ್ಲ. ಈಗ ಐದು ಬೇರೆ ಬೇರೆ ಟೀಮಿಂದ ಐದು ಜನ ಬಂದು, ಶನಿವಾರ ಒಂದು ಸ್ವಲ್ಪ ಹೊತ್ತು ಜನರ ಮುಂದೆ ಪ್ರಾಕ್ಟೀಸ್ ಮಾಡಿ, ಭಾನುವಾರ ರಾತ್ರಿ ನಿಂತ್ರೆ ಏನಾಗುತ್ತೆ? ನೆಂಟರ ಮದುವೇಲಿ ಸಾರು ಯಾರು ಬಡಿಸ್ಬೇಕು ಅಂತ ಎಲ್ಲರೂ ಮುಖ ಮುಖ ನೋಡ್ಕೊಂಡು ನಿಂತಿರ್ತಾರಲ್ಲ, ಅದೇ.

ಹಾಗಂತ ಹಿಂದೆ ಡಿಫೆನ್ಸ್ ಇರಲೇ ಇಲ್ವಾ? ಇತ್ತು. ಮೊದಲ ಗೇಮಲ್ಲೇ ಇತ್ತು. 1951ರ ಮಾರ್ಚ್ 2, ಬಾಸ್ಟನ್ ಗಾರ್ಡನ್ ಸ್ಟೇಡಿಯಂ. ಲೀಗಿನ ಪೂರ್ವದ ಟೀಮಿನವರು ಈಸ್ಟ್, ಪಶ್ಚಿಮದವರು ವೆಸ್ಟ್. ಈಸ್ಟ್ 111, ವೆಸ್ಟ್ 94. ಬೆಸ್ಟ್ ಪ್ಲೇಯರ್ ಎಡ್ ಮಕಾಲಿ 20 ಪಾಯಿಂಟ್ ಹೊಡೆದಿದ್ದಲ್ದೆ ಆ ಕಾಲದ ದೈತ್ಯ ಜಾರ್ಜ್ ಮೈಕನ್‌ನ 12ಕ್ಕೆ ಕಟ್ಟಿಹಾಕಿದ್ದ. ಆಗ ಕಾಲೇಜ್ ಬ್ಯಾಸ್ಕೆಟ್‌ಬಾಲಲ್ಲಿ ಫಿಕ್ಸಿಂಗ್ ಹಗರಣ ಹೊರಗೆ ಬಂದಿತ್ತು, ಜೂಜಿನವರ ಹತ್ರ ದುಡ್ಡು ತಗೊಂಡು ಹುಡುಗ್ರು ಬೇಕಂತ ಪಾಯಿಂಟ್ ಬಿಡ್ತಿದ್ರು, ಜನಕ್ಕೆ ಈ ಆಟದ ಮೇಲೇ ಅಸಹ್ಯ ಬಂದಿತ್ತು. ಲೀಗ್ ನಡೆಸೋರಿಗೆ ಜನರನ್ನ ವಾಪಸ್ ಕರೀಬೇಕು. ಆದ್ರೂ ಈ ಹೊಸ ಪ್ರಯೋಗ ಮಾಡೋಕೆ ಧೈರ್ಯ ಇಲ್ಲ. ಬಾಸ್ಟನ್ ಟೀಮ್ ಸೆಲ್ಟಿಕ್ಸ್ ಓನರ್ ವಾಲ್ಟರ್ ಬ್ರೌನ್ ಅಂತ, ಲಾಸ್ ಆದ್ರೆ ನಂದು, ನಡೆಸಿ ಅಂದ. ಹತ್ತು ಸಾವಿರ ಜನ ಬಂದ್ರು. ಈ ಬ್ರೌನ್ ಹೆಸರು ನೆನಪಿಟ್ಕೊಳ್ಳಿ, ಮತ್ತೆ ಬರ್ತಾನೆ.

ಈಗ ನನ್ನ ಕಥೆ. ಇದನ್ನ ನಾನು ಎಲ್ಲಿ ಮೈಕ್ ಸಿಕ್ಕಿದ್ರೂ ಹೇಳ್ತೀನಿ, ಕೇಳಿರೋರು ಕ್ಷಮಿಸ್ಬೇಕು.

1964, ಜನವರಿ 14. ಅದೇ ಬಾಸ್ಟನ್ ಗಾರ್ಡನ್. ಹೊರಗೆ ಹಿಮ ಸುರೀತಿದೆ, ವಿಮಾನಗಳು ಅಸ್ತವ್ಯಸ್ತ, ಪ್ಲೇಯರ್‌ಗಳು ಒಬ್ಬೊಬ್ಬರಾಗಿ ಬಂದು ಸೇರ್ತಿದಾರೆ. ಅವತ್ತು ಎಬಿಸಿ ಟೀವಿ ರಾತ್ರಿ ಪ್ರೈಮ್ ಟೈಮಲ್ಲಿ ಇಡೀ ದೇಶಕ್ಕೆ ಲೈವ್ ತೋರಿಸ್ತಿದೆ, ಲೀಗ್‌ಗೆ ಅದು ಬದುಕು ಸಾವಿನ ಪ್ರಶ್ನೆ. ಪ್ಲೇಯರ್‌ಗಳ ಸ್ಥಿತಿ ಹೇಗಿತ್ತು ಅಂದ್ರೆ, ಪೆನ್ಷನ್ ಇಲ್ಲ, ಟೀಮ್ ಜೊತೆ ಪ್ರಯಾಣ ಮಾಡೋ ಟ್ರೈನರ್ ಇಲ್ಲ, ಹೊರ ಊರಲ್ಲಿ ಕಾಲು ಉಳುಕಿದ್ರೆ ಆ ಊರಿನ ಟೀಮಿನವನೇ ಬಂದು ಬ್ಯಾಂಡೇಜ್ ಸುತ್ತಬೇಕು, ಬೇಸಿಗೇಲಿ ಎಷ್ಟೋ ಜನ ಬೇರೆ ಕೆಲಸಕ್ಕೆ ಹೋಗ್ತಿದ್ರು. ಪ್ಲೇಯರ್‌ಗಳ ಸಂಘ ಇತ್ತು, ಬಾಬ್ ಕೂಸಿ ಅನ್ನೋ ಪ್ಲೇಯರ್ 1954ರಲ್ಲಿ ಕಟ್ಟಿದ್ದು. ಓನರ್‌ಗಳು ಪ್ರತೀ ಸಲ, ಮುಂದಿನ ಮೀಟಿಂಗಲ್ಲಿ ನೋಡೋಣ. ನಮ್ಮ ಕಡೆ ಕಡತ ಮೇಜಿಂದ ಮೇಜಿಗೆ ಹೋಗುತ್ತಲ್ಲ, ಹಾಗೇ. ನಗ್ಬೇಡಿ, ಇಲ್ಲಿ ಸರ್ಕಾರಿ ನೌಕರರು ತುಂಬಾ ಜನ ಇದಾರೆ ಅಂತ ನಂಗೊತ್ತು.

ಆವತ್ತು ಸಂಘದ ಅಧ್ಯಕ್ಷ ಟಾಮಿ ಹೈನ್‌ಸನ್, ಜೊತೆಗೆ ಲಾಯರ್ ಲ್ಯಾರಿ ಫ್ಲೈಶರ್. ಇಪ್ಪತ್ತು ಜನ ಡ್ರೆಸ್ಸಿಂಗ್ ರೂಮಲ್ಲಿ ಸೇರಿ ಬಾಗಿಲು ಹಾಕ್ಕೊಂಡ್ರು. ಪೆನ್ಷನ್ ವಿಷಯ ಬಗೆಹರಿಯೋವರೆಗೂ ಆಡಲ್ಲ. ಒಳಗೆ ಯಾರ್ಯಾರು? ಬಿಲ್ ರಸೆಲ್, ಆಸ್ಕರ್ ರಾಬರ್ಟ್‌ಸನ್, ಜೆರ್ರಿ ವೆಸ್ಟ್, ಎಲ್ಜಿನ್ ಬೇಲರ್, ಲೆನ್ನಿ ವಿಲ್ಕೆನ್ಸ್. ವೋಟಿಗೆ ಹಾಕಿದ್ರು. 11–9. ಅಂದ್ರೆ ಒಂಬತ್ತು ಜನ ಹೆದರಿದ್ರು, ತಪ್ಪಲ್ಲ ಅದು, ಆಗ ಕೆಲಸ ಹೋದ್ರೆ ಹೋಯ್ತು, ಕೇಳೋರಿಲ್ಲ. ಹೊರಗೆ ಜನ ಸೀಟಲ್ಲಿ ಕೂತಿದಾರೆ, ಟೀವಿಯವರು ಗಡಿಯಾರ ನೋಡ್ತಿದಾರೆ. ಬೇಲರ್, ವೆಸ್ಟ್ ಇಬ್ಬರೂ ಆಡ್ತಿದ್ದ ಲೇಕರ್ಸ್ ಟೀಮಿನ ಓನರ್ ಬಾಬ್ ಶಾರ್ಟ್ ಬಾಗಿಲಿಗೆ ಬಂದು, ಅಲ್ಲಿ ಕಾವಲಿಗೆ ನಿಂತಿದ್ದ ಪೊಲೀಸಿನವನ ಕೈಲಿ ಹೇಳಿ ಕಳಿಸ್ದ, ಬೇಲರ್‌ಗೂ ವೆಸ್ಟ್‌ಗೂ ಹೇಳು, ಈಗಲೇ ಹೊರಗೆ ಬರ್ದಿದ್ರೆ ಇಬ್ಬರ ಕಥೆ ಮುಗೀತು ಅಂತ. ಬೇಲರ್ ಒಳಗಿಂದ ಏನು ಉತ್ತರ ಕಳಿಸ್ದ ಅನ್ನೋದನ್ನ ನಾನು ಇಲ್ಲಿ ಹೇಳೋಕಾಗಲ್ಲ, ಅಂಡರ್-10 ಮಕ್ಕಳು ಮುಂದಿನ ಸಾಲಲ್ಲೇ ಕೂತಿದಾರೆ. ಓನರ್‌ಗೆ ಎಲ್ಲಿಗೆ ಹೋಗ್ಬೇಕು ಅಂತ ಸ್ಪಷ್ಟವಾಗಿ ತಿಳಿಸ್ದ ಅಂತ ಇಟ್ಕೊಳ್ಳಿ.

ಇನ್ನೂ ಒಂದು ತಮಾಷೆ ಏನ್ ಗೊತ್ತಾ, ಓನರ್ ಹೀಗೆ ಹೆದರಿಸೋಕೆ ಬಂದಿದ್ದೇ ಒಳಗೆ ಅನುಮಾನ ಪಡ್ತಿದ್ದವರನ್ನೂ ಗಟ್ಟಿ ಮಾಡ್ತು ಅಂತ ಆ ಕೋಣೇಲಿ ಇದ್ದವರೇ ಆಮೇಲೆ ಹೇಳ್ಕೊಂಡಿದಾರೆ. ಕೊನೆಗೆ ಲೀಗ್ ಮುಖ್ಯಸ್ಥ ವಾಲ್ಟರ್ ಕೆನಡಿ ಬಂದು ಪೆನ್ಷನ್ ಮಾಡಿಸಿಕೊಡ್ತೀನಿ ಅಂತ ಮಾತು ಕೊಟ್ಟ. ಮ್ಯಾಚ್ ಸ್ವಲ್ಪ ತಡವಾಗಿ ಶುರು ಆಯ್ತು. ಈಸ್ಟ್ 111–107, ರಾಬರ್ಟ್‌ಸನ್ 26 ಪಾಯಿಂಟ್, 14 ರಿಬೌಂಡ್, 8 ಅಸಿಸ್ಟ್. ವಾಲ್ಟರ್ ಬ್ರೌನ್ ನೆನಪಿದಾನಾ? ಲಾಸ್ ಆದ್ರೆ ನಂದು ಅಂದವನು? ಹೈನ್‌ಸನ್ ಅವನ ಟೀಮಿನವನೇ. ಬ್ರೌನ್‌ಗೆ ಎಂಥಾ ಸಿಟ್ಟು ಬಂತು ಅಂದ್ರೆ ಪೇಪರಿನವರ ಮುಂದೆ ಸ್ವಂತ ಪ್ಲೇಯರನ್ನ ಬಾಯಿಗೆ ಬಂದಂಗೆ ಬೈದ. ಒಳ್ಳೆ ಮನುಷ್ಯ ಅಂತಾನೇ ಎಲ್ಲರೂ ಹೇಳ್ತಾರೆ ಅವನನ್ನ. ಒಳ್ಳೆ ಯಜಮಾನನಿಗೂ ಆಳು ಬಾಗಿಲು ಹಾಕ್ಕೊಂಡ್ರೆ ಕೋಪ ಬರುತ್ತೆ.

ಅಲ್ಲಿಗೆ ನಿಲ್ಲಲಿಲ್ಲ. ಅದೇ ರಾಬರ್ಟ್‌ಸನ್ ಆಮೇಲೆ ಸಂಘದ ಅಧ್ಯಕ್ಷ ಆದ, 1970ರಲ್ಲಿ ಲೀಗ್ ಮೇಲೆ ಕೇಸ್ ಹಾಕ್ದ, 1976ರಲ್ಲಿ ರಾಜಿ ಆಯ್ತು, ಕಾಂಟ್ರ್ಯಾಕ್ಟ್ ಮುಗಿದ ಪ್ಲೇಯರ್ ಬೇರೆ ಟೀಮಿಗೆ ಹೋಗೋ ದಾರಿ ತೆರೆದಿದ್ದು ಆಗ. ಈಗಿನವರ ದೊಡ್ಡ ಕಾಂಟ್ರ್ಯಾಕ್ಟ್ ಅಂತ ಬೈತೀವಲ್ಲ, ಅದರ ಬೇರು ಒಂದು ಆಲ್-ಸ್ಟಾರ್ ಗೇಮಿನ ಡ್ರೆಸ್ಸಿಂಗ್ ರೂಮಲ್ಲಿದೆ. ಮಂಡಿ ಹೋದ್ರೆ ಬದುಕು ಹೋಗ್ಬಾರ್ದು ಅಂತ ಅವತ್ತು ಅವರು ಕೂತಿದ್ದು, ಇವತ್ತು ಅವರ ಮೊಮ್ಮಕ್ಕಳ ವಯಸ್ಸಿನವರು ಮಂಡಿ ಜೋಪಾನ ಮಾಡ್ಕೊಂಡ್ರೆ ನಾವು ಸೊಕ್ಕು ಅಂತೀವಿ. 2012ರ ಆಲ್-ಸ್ಟಾರ್ ಗೇಮಲ್ಲಿ ಒಂದು ಫೌಲಲ್ಲಿ ಡ್ವೇನ್ ವೇಡ್ ಕೈಯಿಂದ ಕೋಬಿ ಬ್ರಯಂಟ್ ಮೂಗು ಮುರೀತು, ತಲೆಗೂ ಪೆಟ್ಟಾಯ್ತು. ಲೆಕ್ಕಕ್ಕಿಲ್ಲದ ಮ್ಯಾಚಲ್ಲಿ!

ನೀರು ಕೊಡ್ತೀರಾ ಸ್ವಲ್ಪ? ಥ್ಯಾಂಕ್ಸ್ ಕಣಮ್ಮ.

ಹಾಗಾದ್ರೆ ಯಾವತ್ತೂ ಆಡಲ್ವಾ ಅವರು? ಆಡ್ತಾರೆ, ಕಾರಣ ಇದ್ದಾಗ. 2001 ವಾಷಿಂಗ್ಟನ್. ವೆಸ್ಟ್ ಎತ್ತರದವರ ದಂಡು, ಡಂಕನ್, ಗಾರ್ನೆಟ್, ವೆಬರ್. ಅವರ ಮುಂದೆ ನಿಲ್ಲಲ್ಲ ಅಂತ ಎಲ್ಲರೂ ಈಸ್ಟನ್ನ ಆಡ್ಕೊಂಡಿದ್ರು. ಒಂಬತ್ತು ನಿಮಿಷ ಬಾಕಿ, ಈಸ್ಟ್ 21 ಪಾಯಿಂಟ್ ಹಿಂದೆ. ಈಸ್ಟಿನ ಐವರ್‌ಸನ್ ತನ್ನ 25 ಪಾಯಿಂಟಲ್ಲಿ 15 ಅಲ್ಲಿಂದ ಮುಂದೆ ಹೊಡೆದ, ಕೊನೇಲಿ ಮಾರ್ಬರಿ ಎರಡು ತ್ರೀ-ಪಾಯಿಂಟರ್ ಹಾಕ್ದ, 111–110, ಈಸ್ಟ್ ಗೆದ್ತು. ಮುಟೊಂಬೊ ಒಬ್ಬನೇ 22 ರಿಬೌಂಡ್. ಅವಮಾನ ಆಗಿತ್ತು, ಆಡಿದ್ರು, ಅಷ್ಟೇ.

ಇನ್ನೊಂದು 2020, ಶಿಕಾಗೋ. ಕೋಬಿ ತೀರಿಕೊಂಡು ಮೂರು ವಾರ. ಕೊನೇ ಕ್ವಾರ್ಟರಿಗೆ ಗಡಿಯಾರನೇ ತೆಗೆದುಬಿಟ್ರು, ಮುಂದಿರೋರ ಸ್ಕೋರಿಗೆ ಕೋಬಿಯ ನಂಬರ್ 24 ಸೇರಿಸಿ, ಮೊದಲು 157 ಮುಟ್ಟಿದವರು ಗೆದ್ದರು ಅಂತ. ಅಯ್ಯೋ ಏನ್ ಆಡಿದ್ರು! ಕೈಲ್ ಲೌರಿ ಚಾರ್ಜ್ ತಗೊಂಡ, ಅಂದ್ರೆ ನುಗ್ಗಿ ಬರೋನಿಗೆ ಅಡ್ಡ ನಿಂತು ಗುದ್ದಿಸ್ಕೊಂಡು ಅವನ ಮೇಲೆ ಫೌಲ್ ತರಿಸ್ದ. ನಾನು ವರ್ಷಾನುಗಟ್ಟಲೆ ವಿಸಿಲ್ ಊದಿದವನು, ಆಲ್-ಸ್ಟಾರಲ್ಲಿ ಒಬ್ಬ ಮನುಷ್ಯ ಎದೆ ಕೊಟ್ಟು ಬೀಳೋದು ನೋಡಿ ಸೋಫಾದಿಂದ ಎದ್ದು ನಿಂತು ಕೈ ಸನ್ನೆ ಮಾಡ್ದೆ. 157–155. ಆಮೇಲೆ ಎಲ್ಲರೂ ಏನಂದ್ರು, ಆಹಾ ರೂಲ್ ಚೆನ್ನಾಗಿದೆ! ಅದೇ ರೂಲ್ 2023ರಲ್ಲೂ ಇತ್ತು ಸ್ವಾಮಿ, ಮಲೋನ್ ಬೈದಿದ್ದು ಅದೇ ಮ್ಯಾಚನ್ನ. ರೂಲ್ ಆಡಿಸ್ಲಿಲ್ಲ, ಹೋದವನ ಮೇಲಿನ ಪ್ರೀತಿ ಆಡಿಸ್ತು.

ನಮ್ಮ ಕಂಠೀರವದಲ್ಲೇ ನೋಡಿದೀವಲ್ಲ. 2017ರ ಮಹಿಳಾ ಏಷ್ಯಾ ಕಪ್ ಬಿ ಡಿವಿಷನ್ ಫೈನಲ್, ಗೆದ್ದವರು ಮೇಲಿನ ಡಿವಿಷನ್‌ಗೆ, ನಮ್ಮ ಹುಡುಗೀರು ಕಜಕಿಸ್ತಾನ್ ಮೇಲೆ 75–73. ಎನ್‌ಬಿಎ ಕಾಲು ಭಾಗ ಸ್ಕಿಲ್ ಇರಲಿಲ್ಲ, ಒಪ್ಪಿದೆ. ಯಾರಾದ್ರೂ ಸೀಟಲ್ಲಿ ಕೂತ್ರಾ ಅವತ್ತು?

ಆಯ್ತು, ಸೆಕ್ರೆಟರಿ ಅವರು ಗಡಿಯಾರ ತೋರಿಸ್ತಿದಾರೆ, ಎರಡೇ ನಿಮಿಷ ಸರ್. 2026ರಲ್ಲಿ ಲಾಸ್ ಏಂಜಲಿಸಲ್ಲಿ ಅಮೆರಿಕದ್ದು ಎರಡು ಟೀಮ್, ಹೊರದೇಶದವರದ್ದು ಒಂದು, ಹನ್ನೆರಡು ಹನ್ನೆರಡು ನಿಮಿಷದ ಚಿಕ್ಕ ಚಿಕ್ಕ ಮ್ಯಾಚ್ ಮಾಡಿದ್ರು. ಫ್ರಾನ್ಸಿನ ವೆಂಬನ್ಯಾಮ ಮೊದಲಿಂದಲೂ ಜೋರಾಗಿ ಆಡಿದ್ದಕ್ಕೆ ಬೇರೆಯವರಿಗೂ ನಾಚಿಕೆ ಆಯ್ತೋ ಏನೋ, ಚೆನ್ನಾಗೇ ನಡೀತು, ಫೈನಲ್ ಮಾತ್ರ ಏಕಪಕ್ಷೀಯ. ಈಗ ಫಾರ್ಮ್ಯಾಟ್ ಗೆದ್ದಿತು ಅಂತ ಗ್ರೂಪಲ್ಲಿ ಬರೀತಿದಾರೆ. ಇನ್ನೆರಡು ವರ್ಷ ಇರಿ, ನೋಡೋಣ.

ಆಲ್-ಸ್ಟಾರ್‌ಗೆ ಪ್ಲೇಯರ್‌ಗಳನ್ನ ಆರಿಸೋ ವೋಟಿಂಗ್ ಒಂದು ಹೇಳಿಬಿಡ್ತೀನಿ. ಜಾಜಾ ಪಚೂಲಿಯ ಅಂತ, ಜಾರ್ಜಿಯಾ ದೇಶದವನು, ಒಳ್ಳೆ ಕಷ್ಟಜೀವಿ, ಸ್ಟಾರ್ ಅಲ್ವೇ ಅಲ್ಲ, ಅವನ ಊರಿನವರು ಇಂಟರ್ನೆಟ್ಟಲ್ಲಿ ವೋಟ್ ಗುದ್ದಿ ಗುದ್ದಿ 2016ರಲ್ಲಿ ಸ್ವಲ್ಪದರಲ್ಲಿ ಸ್ಟಾರ್ಟಿಂಗ್ ಫೈವ್‌ಗೆ, ಅಂದ್ರೆ ಮೊದಲು ಕಣಕ್ಕಿಳಿಯೋ ಐದು ಜನರಲ್ಲಿ, ಏರಿಸಿಬಿಡ್ತಿದ್ರು. ಲೀಗ್ ಹೆದರಿ ಮುಂದಿನ ವರ್ಷದಿಂದ ಅಭಿಮಾನಿಗಳ ವೋಟನ್ನ ಅರ್ಧಕ್ಕೆ ಇಳಿಸಿ ಉಳಿದಿದ್ದನ್ನ ಪ್ಲೇಯರ್‌ಗಳಿಗೂ ಪತ್ರಕರ್ತರಿಗೂ ಹಂಚ್ತು. ನಂಗೇನೋ ಬೇಜಾರಾಯ್ತು. ಜಾಜಾ ಇದ್ದಿದ್ರೆ ಒಬ್ಬನಾದ್ರೂ ಡಿಫೆನ್ಸ್ ಮಾಡ್ತಿದ್ದ.

ಸರಿ ಸರ್, ಕರೀರಿ, ಅಂಡರ್-10 ಮಕ್ಕಳು ಮೊದಲು, ಪಾಪ ಆಗ್ಲಿಂದ ಕೂತಿದಾವೆ.