ಗಿಡ ನೆಟ್ಟರೆ ಕಾಡಾಗುವುದಿಲ್ಲ, ಸ್ವಾಮಿ!

ನಮಸ್ಕಾರ. ಹಿಂದಿನ ಸಂಚಿಕೆಯ ಕೆಳಗೆ ಮಹಾಶಯರೊಬ್ಬರು ಬರೆದಿದ್ದಾರೆ: "ಮೊದಲು ಗಿಡ ನೆಡಿ, ಪ್ರಾಣಿಗಳ ಚಿಂತೆ ಆಮೇಲೆ." ಅದಕ್ಕೆ ಮೆಚ್ಚುಗೆಗಳ ಸುರಿಮಳೆ ಬೇರೆ! ಇವರ ಪ್ರಕಾರ ಪ್ರಾಣಿಗಳು ಕಾಡಿಗೆ ಊಟಕ್ಕೆ ಬಂದ ನೆಂಟರು. ಅಲ್ಲ ಸ್ವಾಮಿ, ಕಾಡನ್ನು ಕಟ್ಟುವವರೇ ಅವರು.

ಆನೆಯ ಲದ್ದಿಯನ್ನು ಎಂದಾದರೂ ಕೆದಕಿ ನೋಡಿದ್ದೀರಾ? ಮೂಗು ಮುಚ್ಚಿಕೊಳ್ಳಬೇಡಿ. ಅರೆಬರೆ ಜೀರ್ಣವಾದ ನಾರು, ಅದರ ನಡುವೆ ಒಡೆಯದೆ ಉಳಿದ ಬೀಜಗಳು. ತಾಯಿಮರದಿಂದ ಕೆಲವೊಮ್ಮೆ ಹತ್ತಾರು ಕಿಲೋಮೀಟರ್ ಆಚೆ, ಗೊಬ್ಬರದ ಸಮೇತ ಬಿತ್ತನೆ! ವನಮಹೋತ್ಸವದ ಭಾಷಣವೂ ಇಲ್ಲ, ಫೋಟೊವೂ ಇಲ್ಲ.

ಕಡಲಿಗೆ ಬನ್ನಿ. ಉತ್ತರ ಪೆಸಿಫಿಕ್‌ನ ಕಡಲ ನೀರುನಾಯಿ ಅಂಗಾತ ತೇಲುತ್ತಾ, ಎದೆಯ ಮೇಲೆ ಕಲ್ಲಿಟ್ಟುಕೊಂಡು ಚಿಪ್ಪುಗಳನ್ನು ಕುಟ್ಟಿ ಒಡೆಯುತ್ತದೆ. ಮೈತುಂಬ ಮುಳ್ಳಿರುವ ಅರ್ಚಿನ್ ಎಂದರೆ ಅದಕ್ಕೆ ಪ್ರಾಣ. ತುಪ್ಪಳದ ಆಸೆಗೆ ನೀರುನಾಯಿಗಳನ್ನು ಕೊಂದು ಮುಗಿಸಿದ ಕಡೆ ಅರ್ಚಿನ್‌ಗಳು ಕೆಲ್ಪ್ ಎಂಬ ಕಡಲಪಾಚಿಯ ಕಾಡನ್ನೇ ಬುಡಸಮೇತ ಮೇಯ್ದು ಬೋಳು ಮಾಡಿದವು. ಅಲ್ಲಿ ಯಾವ ಗಿಡ ನೆಡುತ್ತೀರಿ, ಹೇಳಿ!

ಆಫ್ರಿಕಾದ ಸೆರೆಂಗೆಟಿ ಹುಲ್ಲುಗಾವಲಿನಲ್ಲಂತೂ ಇನ್ನೂ ಸೊಗಸು. ಸುತ್ತಲಿನ ದನಗಳಿಗೆ ಲಸಿಕೆ ಹಾಕಿದ ಮೇಲೆ 1960ರ ದಶಕದಲ್ಲಿ, ದನಗಳಿಂದ ಕಾಡುಪ್ರಾಣಿಗಳಿಗೂ ಹರಡಿ ಕೊಲ್ಲುತ್ತಿದ್ದ ರಿಂಡರ್‌ಪೆಸ್ಟ್ ರೋಗ ತೊಲಗಿತು. ಹುಲ್ಲೆಜಾತಿಯ ದೊಡ್ಡ ಪ್ರಾಣಿಗಳಾದ, ಸುಮಾರು 3 ಲಕ್ಷವಿದ್ದ ವೈಲ್ಡ್‌ಬೀಸ್ಟ್‌ಗಳು 13 ಲಕ್ಷ ದಾಟಿದವು. ಅವು ಹುಲ್ಲು ಮೇಯ್ದವು, ಕಾಳ್ಗಿಚ್ಚಿಗೆ ಒಣಹುಲ್ಲು ಸಾಲದಾಯಿತು, ಮರಗಳು ಎದ್ದವು. ಹುಲ್ಲು ತಿನ್ನುವ ಪ್ರಾಣಿ ಮರ ಬೆಳೆಸಿತು! ಮತ್ತೊಮ್ಮೆ ಹೇಳಲೇ? ಮರ ಬೆಳೆಸಿದ್ದು ಪ್ರಾಣಿ.

"ಅಮೆರಿಕದ ಯೆಲ್ಲೋಸ್ಟೋನ್ ಉದ್ಯಾನಕ್ಕೆ 1995ರಲ್ಲಿ ತೋಳ ತಂದ ಮೇಲೆ ಗಿಡ ಮೇಯುವ ಜಿಂಕೆ ಕಡಿಮೆಯಾಗಿ ಕಾಡು ಚಿಗುರಿತು ಎಂಬ ಕಥೆ ಉತ್ಪ್ರೇಕ್ಷೆ ಎಂದು ಕೆಲವು ವಿಜ್ಞಾನಿಗಳೇ ಹೇಳುತ್ತಾರಲ್ಲ?" ಹೇಳಲಿ. ಸುಮಾರು 70 ವರ್ಷ ತೋಳವಿಲ್ಲದೆ ಕೆಟ್ಟ ಜಾಗ ತೋಳ ಬಂದರೂ ಪೂರ್ತಿ ಸರಿಹೋಗದಿದ್ದರೆ, ಅದು ನನ್ನ ವಾದಕ್ಕೇ ಬಲ. ಕಳೆದುಕೊಳ್ಳುವ ಮೊದಲೇ ಉಳಿಸಿಕೊಳ್ಳಬೇಕಿತ್ತು. ಬೇಲಿಯೊಳಗೆ ನಾಲ್ಕು ಜೋಡಿ ಸಾಕಿ "ತಳಿ ಉಳಿಯಿತು" ಎಂದು ಚಪ್ಪಾಳೆ ತಟ್ಟಿದರೆ ಏನು ಬಂತು? ಕೆಲಸ ನಡೆಯುವಷ್ಟು ಸಂಖ್ಯೆ ಬೇಕು, ಓಡಾಡಲು ದಾರಿ ಬೇಕು.

ಡ್ರೋನ್‌ನಿಂದ ಬೀಜ ಎರಚುತ್ತೇವೆ ಎನ್ನುವವರೂ ಇದ್ದಾರೆ. ಎರಚಿ! ಡ್ರೋನ್ ಲದ್ದಿ ಹಾಕುತ್ತದೆಯೇ? ಇಲ್ಲ ತಾನೇ? ಮುಗಿಯಿತು ಚರ್ಚೆ.

ಇನ್ನೂ ಚಂದಾದಾರರಾಗದವರು ಆಗಿ, ಗಂಟೆಯ ಗುರುತು ಒತ್ತಿ. ಗಿಡದ ಮಹಾಶಯರೇ, ನೀವೂ ಒತ್ತಿ. ಮುಂದಿನ ಸಂಚಿಕೆ ತಿಮಿಂಗಿಲದ ಮಲದ ಬಗ್ಗೆ. ಊಟ ಮುಗಿಸಿಕೊಂಡೇ ಬನ್ನಿ.