ಎದೆ ಬಡಿತ ನಿಂತಾಗ ಕ್ಯಾಲ್ಸಿಯಂ: ಯಾರಿಗೆ ಬೇಕು, ಯಾರಿಗೆ ಬೇಡ

(ರಾಯಚೂರಿನಲ್ಲಿ ಶುಶ್ರೂಷಕರು, ಹೌಸ್ ಸರ್ಜನ್‌ರು ಮತ್ತು 108 ಆಂಬುಲೆನ್ಸ್ ಸಿಬ್ಬಂದಿಗೆ ನೀಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ರಾತ್ರಿ ಪಾಳಿ ಮುಗಿಸಿ ನೇರವಾಗಿ ಬಂದು ಕೂತವರೂ ಇದ್ದೀರಿ, ವಿಷಯಕ್ಕೇ ಬರುತ್ತೇನೆ.

ಅಡ್ರಿನಲಿನ್ ಎರಡು-ಮೂರು ಸಲ ಹೋಗಿ, ಮಾನಿಟರಿನ ಗೆರೆ ಏಳದೇ ಇದ್ದಾಗ ಯಾರೋ ಒಬ್ಬರು 'ಒಂದು ಕ್ಯಾಲ್ಸಿಯಂ ಕೊಟ್ಟುಬಿಡಿ' ಅಂತಾರೆ. ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಈ ರೂಢಿಯನ್ನು ನಾವು ಬಿಡಬೇಕು.

ರೂಢಿಗೆ ಬೇರು ಇಲ್ಲದಿಲ್ಲ. 1883ರಲ್ಲಿ ಲಂಡನ್ನಿನ ವೈದ್ಯ ಸಿಡ್ನಿ ರಿಂಗರ್, ನಲ್ಲಿ ನೀರಿನಲ್ಲಿ ಮಾಡಿದ ಉಪ್ಪಿನ ದ್ರಾವಣದಲ್ಲಿ ಬಡಿಯುವ ಕಪ್ಪೆಯ ಹೃದಯ ಡಿಸ್ಟಿಲ್ಡ್ ನೀರಿನದರಲ್ಲಿ ಬೇಗನೆ ನಿಂತುಹೋಗುವುದನ್ನು ಕಂಡರು. ನಲ್ಲಿ ನೀರಿನಲ್ಲಿ ಕ್ಯಾಲ್ಸಿಯಂ ಇತ್ತು. ನಮ್ಮ ರಿಂಗರ್ ಲ್ಯಾಕ್ಟೇಟ್ ಬಾಟಲಿಯ ಮೇಲಿರುವುದು ಅವರದೇ ಹೆಸರು. ಕ್ಯಾಲ್ಸಿಯಂ ಇಲ್ಲದೆ ಹೃದಯ ಸಂಕುಚಿಸುವುದಿಲ್ಲ, ನಿಜ. ಆದರೆ ಸಡಿಲಾಗಬೇಕಾದರೆ ಅದೇ ಕ್ಯಾಲ್ಸಿಯಂ ಅನ್ನು ಸ್ನಾಯುವಿನ ಕೋಶ ಪಕ್ಕಕ್ಕೆ ಸರಿಸಬೇಕು, ಅದಕ್ಕೆ ಶಕ್ತಿ ಬೇಕು. ರಕ್ತದ ಓಡಾಟ ನಿಂತಾಗ ಆ ಶಕ್ತಿಯೇ ಬತ್ತಿ, ಕೋಶದೊಳಗೆ ಕ್ಯಾಲ್ಸಿಯಂ ಆಗಲೇ ತುಂಬುತ್ತಿರುತ್ತದೆ. ನಾವು ಮೇಲಿಂದ ಇನ್ನಷ್ಟು ಸುರಿಯುತ್ತೇವೆ.

ಡೆನ್ಮಾರ್ಕಿನಲ್ಲಿ ಆಸ್ಪತ್ರೆಯ ಹೊರಗೆ ಹೃದಯ ನಿಂತ 391 ಜನರ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಸುಮಾರು ಅರ್ಧ ಜನಕ್ಕೆ ಕ್ಯಾಲ್ಸಿಯಂ ಕ್ಲೋರೈಡ್, ಉಳಿದವರಿಗೆ ಸಲೈನ್. ಬಡಿತ ಮರಳಿದ್ದು ಕ್ಯಾಲ್ಸಿಯಂ ಪಡೆದವರಲ್ಲಿ ಶೇ. 19, ಸಲೈನ್ ಪಡೆದವರಲ್ಲಿ ಶೇ. 27. ತಿಂಗಳ ನಂತರ ಬದುಕಿದ್ದವರು ಶೇ. 5.2 ಮತ್ತು 9.1. ಹಾನಿಯ ಸುಳಿವು ಕಂಡು ಅಧ್ಯಯನವನ್ನು ನಡುವೆಯೇ ನಿಲ್ಲಿಸಿದರು. ಅಧ್ಯಯನದಲ್ಲಿದ್ದ ಜನ ಕಡಿಮೆ, ಅಂತರದಲ್ಲಿ ಆಕಸ್ಮಿಕದ ಪಾಲೂ ಇರಬಹುದು. ಲಾಭದ ಗುರುತಂತೂ ಕಾಣಲಿಲ್ಲ.

ಹಾಗಂತ ಟ್ರೇಯಿಂದ ಕ್ಯಾಲ್ಸಿಯಂ ಆಂಪೂಲ್ ಎತ್ತಿಡಬೇಡಿ. ರಕ್ತದಲ್ಲಿ ಪೊಟ್ಯಾಶಿಯಂ ಏರಿದವರಿಗೆ, ಕ್ಯಾಲ್ಸಿಯಂ ತೀರಾ ಇಳಿದವರಿಗೆ, ಅಮ್ಲೋಡಿಪಿನ್, ವೆರಪಮಿಲ್ ಥರದ ಬಿಪಿ ಮಾತ್ರೆಗಳನ್ನು ಒಮ್ಮೆಲೇ ಬಹಳಷ್ಟು ನುಂಗಿದವರಿಗೆ ಅದು ಬೇಕು. ನನಗೆ ಹೆಚ್ಚು ಚಿಂತೆ ಮೊದಲನೆಯವರದು. ಸಿಂಧನೂರು, ಮಸ್ಕಿ ಕಡೆಯ ಹಳ್ಳಿಗಳಿಂದ ಬಸ್ಸು ಹತ್ತಿ ಡಯಾಲಿಸಿಸ್‌ಗೆ ಬರುವವರು ಜಾತ್ರೆಗೋ ಬಿತ್ತನೆಗೋ ಒಂದು ಸರದಿ ತಪ್ಪಿಸಿದರೂ ಹೃದಯ ನಿಲ್ಲುವಷ್ಟು ಪೊಟ್ಯಾಶಿಯಂ ಏರಿಬಿಡಬಹುದು.

ಲ್ಯಾಬ್ ರಿಪೋರ್ಟಿಗೆ ಕಾಯುವ ಹೊತ್ತು ಅದಲ್ಲ. ತೋಳು ನೋಡಿ. ಉಬ್ಬಿ ಸುತ್ತಿಕೊಂಡ ರಕ್ತನಾಳ, ಅದರ ಮೇಲೆ ಸಾಲಾಗಿ ಸೂಜಿ ಗುರುತು ಇದ್ದರೆ ಅದು ಫಿಸ್ಟುಲಾ, ಅಂದರೆ ಡಯಾಲಿಸಿಸ್‌ಗೆಂದು ಆಪರೇಷನ್ ಮಾಡಿ ಜೋಡಿಸಿದ ರಕ್ತನಾಳ. ಬೇರೆ ಹೊತ್ತಿನಲ್ಲಿ ಬೆರಳಿಗೆ ಹತ್ತುವ ಅದರ ಕಂಪನ ಹೃದಯ ನಿಂತಾಗ ಸಿಗುವುದಿಲ್ಲ, ಕಣ್ಣಿನಿಂದಲೇ ಗುರುತಿಸಬೇಕು. ಎದೆ ಒತ್ತುವುದು ನಿಲ್ಲದಿರಲಿ, ಒಬ್ಬರು ಬಾಗಿಲಾಚೆ ಹೋಗಿ ಮನೆಯವರನ್ನು ಕೇಳಿ: "ಯವ್ವಾ, ಇವರಿಗೆ ಡಯಾಲಿಸಿಸ್ ಮಾಡಸ್ತಿದ್ರೇನು? ಕಡೀಗೆ ಯಾವಾಗ ಮಾಡಿಸಿದ್ರಿ?"

ಟ್ರೇಯಲ್ಲಿರುವುದು ಕ್ಲೋರೈಡ್ ಅಲ್ಲ, ಕ್ಯಾಲ್ಸಿಯಂ ಗ್ಲುಕೋನೇಟ್ ಆದರೆ ಒಂದು ಆಂಪೂಲ್ ಸಾಲದು. ಶೇ. 10ರ ಕ್ಲೋರೈಡ್ 10 ಮಿಲಿಗೆ ಸಮನಾಗಲು ಶೇ. 10ರ ಗ್ಲುಕೋನೇಟ್ 30 ಮಿಲಿ ಬೇಕು. ಅದೇ ಲೈನಿನಲ್ಲಿ ಸೋಡಾ ಬೈಕಾರ್ಬ್ ಹೋಗಿದ್ದರೆ ಮೊದಲು ಸಲೈನ್ ಹಾಕಿ ತೊಳೆಯಿರಿ, ಇಲ್ಲದಿದ್ದರೆ ಎರಡೂ ಸೇರಿ ಒಳಗೇ ಬಿಳಿ ಗಷ್ಟು ಕಟ್ಟುತ್ತದೆ. ಇನ್ನೊಂದು ಮಾತು: ಕ್ಯಾಲ್ಸಿಯಂ ಪೊಟ್ಯಾಶಿಯಂ ಅನ್ನು ಇಳಿಸುವುದಿಲ್ಲ, ಅದರ ಹೊಡೆತದಿಂದ ಹೃದಯವನ್ನು ಅರ್ಧ ಗಂಟೆಯಿಂದ ಒಂದು ಗಂಟೆ ಕಾಪಾಡುತ್ತದೆ, ಅಷ್ಟೇ. ಬಡಿತ ಬಂದ ಕೂಡಲೇ ಪೊಟ್ಯಾಶಿಯಂ ಇಳಿಸಲು ಇನ್ಸುಲಿನ್-ಗ್ಲೂಕೋಸ್ ಹಚ್ಚಿ, ಡಯಾಲಿಸಿಸ್ ಘಟಕಕ್ಕೆ ಫೋನ್ ಮಾಡಿ.